ಕೈ ಮುಟ್ಟದ ರೊಟ್ಟಿ

ನಮ್ಮ ಕಮಲಾಪುರದಲ್ಲಿ ಮದುವೆಯೆಂದರೆ ಮೊದಲು ಹಿಟ್ಟು ಓಣಿ ಸುತ್ತಬೇಕು. ಲಗ್ನಪತ್ರಿಕೆ ತಡವಾಗಿ ಬಂದರೂ ನಡೆಯುತ್ತದೆ, ಬಾರದಿದ್ದರೂ ಯಾರೂ ಅತ್ತದ್ದು ನಾನು ಕಂಡಿಲ್ಲ. ಹಿಟ್ಟಿನ ಮಾತು ಹಾಗಲ್ಲ. ಮದುವೆ ಮನೆಯವರು ಜೋಳ ಬೀಸಿಸಿ, ಬುಟ್ಟಿಗಳಲ್ಲಿ ತುಂಬಿ, ಮೇಲೊಂದು ಹೊಸ ಬಟ್ಟೆ ಮುಚ್ಚಿ ಮನೆ ಮನೆಗೆ ಕಳಿಸುತ್ತಾರೆ. ಹಿಟ್ಟು ಅವರದು; ಉರುವಲು, ಹಂಚು, ರಟ್ಟೆ ಇಸಿದುಕೊಂಡವರದು. ಆಮೇಲೆ ಓಣಿ ತುಂಬ ರೊಟ್ಟಿ ಬಡಿಯುವ ಸಪ್ಪಳ. ಸುಟ್ಟ ರೊಟ್ಟಿಯನ್ನು ಖಡಕ್ ಆಗುವವರೆಗೆ ಒಣಗಿಸಿ, ಅದೇ ಬುಟ್ಟಿಯಲ್ಲಿ ಪೇರಿಸಿ, ಹಿಟ್ಟು ಎಲ್ಲಿಂದ ಬಂತೋ ಆ ಮನೆಗೇ ಮರಳಿಸಬೇಕು. ಶುದ್ಧ ಬಿಟ್ಟಿ ಕೆಲಸ. ಆದರೆ ಪಕ್ಕದ ಮನೆಗೆ ಹಿಟ್ಟು ಬಂದು ತನ್ನ ಮನೆಗೆ ಬಾರದಿದ್ದಾಗ ಹೆಂಗಸಿನ ಮುಖ ಹೇಗಾಗುತ್ತದೆ ಎಂದು ನೀವೊಮ್ಮೆ ನೋಡಬೇಕು. ಅದರ ಸಲುವಾಗಿ ವರ್ಷಗಟ್ಟಲೆ ಮಾತು ಬಿಟ್ಟವರಿದ್ದಾರೆ.

ಇನ್ನೊಂದು ಕಟ್ಟಳೆಯನ್ನೂ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಬಂದ ಹಿಟ್ಟು ಹೊಸ್ತಿಲಿಂದ ತಿರುಗಿ ಹೋಗಬಾರದು. ಹೋದರೆ ಮದುವೆಗೆ ಕೇಡು. ಮೈಯಲ್ಲಿ ಜ್ವರವಿರಲಿ, ಮನೆಯಲ್ಲಿ ಜಗಳವಿರಲಿ, ಎರಡೂ ಕೈ ಚಾಚಿ ಇಸಿದುಕೊಳ್ಳಬೇಕು.

ಈ ಹಿಟ್ಟು ಊರೆಲ್ಲ ಸುತ್ತಿ ಹನುಮಪ್ಪನ ಕಟ್ಟೆಯ ಹತ್ತಿರ ಬಂದು ನಿಂತುಬಿಡುತ್ತಿತ್ತು. ಕಟ್ಟೆಯಾಚೆ ನಮ್ಮ ಓಣಿ. ನಮ್ಮಜ್ಜನ ಕಾಲಕ್ಕೇ ಬುದ್ಧನ ಕಡೆ ಹೊರಳಿದ ಮನೆತನ ನಮ್ಮದು. ಊರು ಮಾತ್ರ ನಮ್ಮನ್ನು ಹಳೆಯ ಹೆಸರಿನಿಂದಲೇ ನೆನಪಿಟ್ಟುಕೊಂಡಿತ್ತು. ನಮ್ಮ ಕೈಯ ಜೋಳ ಅವರಿಗೆ ಬೇಕು. ಬಿತ್ತುವಾಗ, ಕಳೆ ತೆಗೆಯುವಾಗ, ಕೊಯ್ಯುವಾಗ, ರಾಶಿ ಮಾಡುವಾಗ ಯಾರ ಕೈ ಎಂದು ಯಾರೂ ಕೇಳರು. ಅದೇ ಜೋಳ ಹಿಟ್ಟಾದ ಕೂಡಲೇ ಅದಕ್ಕೆ ಮಾನ ಮರ್ಯಾದೆ ಎಲ್ಲ ಬಂದುಬಿಡುತ್ತಿತ್ತು.

ನನ್ನ ಸಣ್ಣವ್ವ, ಅಂದರೆ ನಮ್ಮವ್ವನ ತಂಗಿ, ಚಿಕ್ಕವಳಿದ್ದಾಗ ಒಂದು ಮದುವೆಯ ಸುಗ್ಗಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಮ್ಮ ಹೊಸ್ತಿಲ ಮೇಲೆ ಕೂತಿದ್ದಳಂತೆ, ಹಿಟ್ಟು ಬರುತ್ತದೆ ಎಂದು. ನಮ್ಮಜ್ಜಿ, ಬರದಿದ್ದರೆ ಒಳ್ಳೆಯದೇ ಆಯ್ತಲ್ಲ, ರಟ್ಟೆ ಉಳಿಯಿತು ಎಂದು ನಗಿಸಲು ನೋಡಿದಳಂತೆ. ಸಣ್ಣವ್ವ ನಗಲಿಲ್ಲ. ಆ ಹುಡುಗಿ ಮುದುಕಿಯಾಗುವವರೆಗೂ ಒಳಗೊಳಗೇ ಆ ಹೊಸ್ತಿಲ ಮೇಲೆ ಕೂತೇ ಇದ್ದಳು. ಈ ಕಥೆಯಲ್ಲಿ ಪಣಕ್ಕಿಟ್ಟದ್ದು ಅಷ್ಟೇ: ಅವಳ ಮನೆಗೆ ಹಿಟ್ಟು ಬರುತ್ತದೋ ಇಲ್ಲವೋ.

ತಮಾಷೆ ಏನೆಂದರೆ, ಸಣ್ಣವ್ವನ ಕೈ ರೊಟ್ಟಿಯನ್ನು ಕಮಲಾಪುರದ ದೊಡ್ಡ ಮನೆಗಳ ಗಂಡಸರೆಲ್ಲ ತಿಂದಿದ್ದರು. ಗಂಡ ತೀರಿಕೊಂಡ ಮೇಲೆ ಅವಳು ಕಲಬುರಗಿಗೆ ಹೋಗಿ ಸೇಡಂ ರಸ್ತೆಯ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ಸೇರಿದಳು. ಉರುಸಿನ ದಿನಗಳಲ್ಲಿ ರೋಜಾ ದರ್ಗಾಕ್ಕೆ ಬಂದ ಹೈದರಾಬಾದಿನ ಮಂದಿ, 'ಅಮ್ಮಾ, ಜವಾರ್ ಕೀ ರೋಟಿ ಔರ್ ದೋ' ಎಂದು ಇನ್ನಷ್ಟು ಜೋಳದ ರೊಟ್ಟಿ ಕೇಳಿ ಅಡಿಗೆಮನೆಯ ಕಡೆ ಕೂಗುತ್ತಿದ್ದರು. ಉಳಿದ ದಿನಗಳಲ್ಲಿ ಕೋರ್ಟು, ದವಾಖಾನೆ ಎಂದು ಊರಿಂದ ಬಂದವರು. ನಮ್ಮೂರ ಗೌಡನೂ ಬರುತ್ತಿದ್ದ, ರೊಟ್ಟಿ ಯಾರ ಕೈಯದೆಂದು ತಿಳಿಯದೆ. ಪರದೆಯ ಸಂದಿಯಿಂದ ಅವನನ್ನು ಕಂಡರೆ ಸಾಕು, ಸಣ್ಣವ್ವ ಎಲ್ಲರ ಪಾಳಿ ಬಿಟ್ಟು ಉಬ್ಬಿದ ರೊಟ್ಟಿಯನ್ನು ಹಂಚಿನಿಂದ ನೇರ ಅವನ ತಟ್ಟೆಗೆ ಕಳಿಸುತ್ತಿದ್ದಳು. ಆ ದಿನ ನನ್ನ ಬಾಡಿಗೆ ಕೋಣೆಗೆ ಬಂದು ವರದಿ ಒಪ್ಪಿಸುವಳು.

"ಇವತ್ತ ಗೌಡ ಬೇಡಿ ತಿಂದ ನೋಡು. ಇನ್ನೊಂದು ಕೊಡ್ರಿ ಅಕ್ಕೋರ ಅಂದ. ನನಗ ಅಕ್ಕೋರ ಅಂದಾನ!"

ನಾವಿಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ಆಗಿನ್ನೂ ನಾನು ಓದುತ್ತಿದ್ದೆ. ಈಗ ಅದೇ ಸೇಡಂ ರಸ್ತೆಯ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ.

ರೊಟ್ಟಿ ತಿಂದವರು ಆರಾಮಾಗಿದ್ದರು, ಸವೆದದ್ದು ಅವಳ ಬಲಭುಜ. ಸೆರಗು ಸರಿಮಾಡಿಕೊಳ್ಳಲು ಕೈ ಎತ್ತಿದರೂ ಕಣ್ಣಲ್ಲಿ ನೀರು ಬರತೊಡಗಿತು. ಡಾಕ್ಟರು, ಇನ್ನು ರೊಟ್ಟಿ ಬಡಿಯಬೇಡಿ ಅಂದರು. ಖಾನಾವಳಿಯವನು ಒಳ್ಳೆಯವನು, ಪಾತ್ರೆ ತಿಕ್ಕುವ ಕೆಲಸ ಕೊಡುತ್ತೇನೆ ಅಂದ. ಸಣ್ಣವ್ವ ಅವನಿಗೆ ಏನೆಂದಳೋ ತಿಳಿಯದು, ಮರುದಿನ ಹುಮನಾಬಾದ್ ಬಸ್ಸು ಹಿಡಿದು ಊರಿಗೆ ಹೋಗಿಬಿಟ್ಟಳು. ಅಲ್ಲಿ ಹೆಂಗಸರ ಸಂಘ ಸೇರಿ, ಅಧಿಕಾರಿಗಳ ಬೆನ್ನು ಬಿದ್ದು, ಸಂಘದ ಹೆಸರಿನಲ್ಲಿ ಒಂದು ರೊಟ್ಟಿ ಮಿಷನ್ ತರಿಸಿದಳು. ನಮ್ಮ ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ಅದನ್ನು ಕೂರಿಸಿದರು.

ಹಿಟ್ಟು, ಬಿಸಿನೀರು ಹಾಕಿದರೆ ಒಂದು ಕಡೆ ನಾದುತ್ತದೆ, ಮುಂದೆ ಒತ್ತುತ್ತದೆ, ಅದರ ಮುಂದೆ ಸುಡುತ್ತದೆ. ಕೂರಿಸಲು ಬಂದ ಕಂಪನಿಯ ಹುಡುಗ ಅದರ ಹೊಟ್ಟೆಯ ಮೇಲೆ ಒಂದು ದೊಡ್ಡ ಸ್ಟಿಕ್ಕರ್ ಅಂಟಿಸಿದ: 'ಕೈ ಮುಟ್ಟದ ಶುಚಿಯಾದ ರೊಟ್ಟಿ'. ಸಣ್ಣವ್ವ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಓದಿ ಮುಗಿಸಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಲುಕುಲು ನಗತೊಡಗಿದಳು. ಪಾಪ, ಆ ಹುಡುಗನಿಗೆ ಏನು ತಪ್ಪಾಯಿತೆಂದು ಗಾಬರಿ.

"ನಿಂದೇನೂ ತಪ್ಪಿಲ್ಲಪ್ಪ," ಅಂದಳು. "ಊರ ಮಂದಿ ಮನಸಿನ್ಯಾಗಿಂದು ಬರಕೊಂಡು ಬಂದೀಯಲ್ಲ, ಅದಕ್ಕ ನಗು ಬಂತು."

ಕೈ ಮುಟ್ಟದ್ದು ಎನ್ನುವುದೂ ಸುಳ್ಳೇ. ಹಿಟ್ಟು ಸಾಣಿಸಲು ಕೈ ಬೇಕು, ನೀರಿನ ಹದ ನೋಡಲು ಕೈ ಬೇಕು, ಸುಟ್ಟು ಬಂದ ರೊಟ್ಟಿಯನ್ನು ಎತ್ತಿ ಬಟ್ಟೆಯ ಮೇಲೆ ಹರವಲು ಕೈ ಬೇಕು. ಆದರೆ ಸ್ಟಿಕ್ಕರ್ ಕೆಲಸ ಮಾಡಿತು. ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ಕೆಂಪು ಬಾಳೆಗೊನೆಗಳ ಪಕ್ಕ ನಮ್ಮ ರೊಟ್ಟಿ ಪಾಕೀಟುಗಳು ನೇತಾಡತೊಡಗಿದವು. ಮೇಲಿನ ಓಣಿಯವರೂ, ಅಂದರೆ ಕಟ್ಟೆಯ ಆ ಕಡೆಯವರೂ, ಒಯ್ದರು. ಎಲ್ಲಿಂದ ಬಂತು ಎಂದು ಕೇಳಿದರೆ ಅಂಗಡಿಯವನು, ಮಿಷನ್ನಿನಿಂದ ಬಂತು ಅನ್ನುತ್ತಿದ್ದ. ಮಿಷನ್ ಎಲ್ಲಿದೆ ಎಂದು ಕೇಳುವಷ್ಟು ದಡ್ಡರು ನಮ್ಮೂರಲ್ಲಿ ಯಾರೂ ಇರಲಿಲ್ಲ.

ಹೀಗಿರುವಾಗ ಗೌಡರ ಮಗಳ ಮದುವೆ ಬಂತು. ಹಳೆಯ ಕಾಲದಂತೆ ಹಿಟ್ಟು ಹಂಚಲು ಮೇಲಿನ ಓಣಿಯಲ್ಲಿ ಈಗ ಯಾರ ರಟ್ಟೆಗೂ ಬಿಡುವಿರಲಿಲ್ಲ. ಒಬ್ಬಳು ಅಂಗನವಾಡಿ, ಒಬ್ಬಳು ಬ್ಯಾಂಕು, ಉಳಿದವರಿಗೆ ಸೊಂಟನೋವು. ಗೌಡರ ಮಗ ಕಲಬುರಗಿಯಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟವನು, ಮೊಬೈಲಿನಲ್ಲಿ ಲೋಕವನ್ನೇ ಆಳುತ್ತೇನೆಂದು ತಿಳಿದವನು. ಎಲ್ಲ ರೊಟ್ಟಿಯನ್ನೂ ಮಿಷನ್ನಿಗೇ ಕೊಟ್ಟುಬಿಡೋಣ ಎಂದು ಅವನೇ ತೀರ್ಮಾನ ಮಾಡಿದ. ಅವನ ತಾಯಿ, ನಮ್ಮೂರ ಗೌಡಶಾನಿ, ಮೊದಲು ಮೂಗು ಮುರಿದಳಂತೆ. ಆಮೇಲೆ ಸ್ಟಿಕ್ಕರಿನ ಫೋಟೋ ತೋರಿಸಿದಾಗ, ಕೈ ಮುಟ್ಟುವುದಿಲ್ಲವೆಂದ ಮೇಲೆ ಮೈಲಿಗೆ ಎಲ್ಲಿಂದ ಬಂತು ಎಂದು ಒಪ್ಪಿದಳಂತೆ.

ಚೀಲಗಟ್ಟಲೆ ಹಿಟ್ಟು ಟಂಟಂ ಆಟೋದಲ್ಲಿ ಬಂದು ನಮ್ಮ ಶೆಡ್ಡಿನಲ್ಲಿ ಇಳಿಯಿತು. ಬುಟ್ಟಿಯಿಲ್ಲ, ಹೊಸ ಬಟ್ಟೆಯಿಲ್ಲ, 'ನಮ್ಮನಿ ಮದುವಿ ಅದ, ರೊಟ್ಟಿ ಮಾಡಿಕೊಡ್ರಿ' ಎಂದು ಹೊಸ್ತಿಲಿಗೆ ಬಂದು ಕರೆಯುವ ಮಾತಿಲ್ಲ. ಗೌಡರ ಮಗ ಬೈಕಿನಿಂದ ಇಳಿಯದೆಯೇ ಒಂದು ಪೊಟ್ಟಣ ಕೊಟ್ಟ. ಬಿಚ್ಚಿ ನೋಡಿದರೆ ರಬ್ಬರಿನ ಕೈಗವಸು.

"ಶುಚಿ ಸಲುವಾಗಿ ಅಷ್ಟ," ಅಂದ. "ನಿಮ್ಮದೇನ ಕೆಲಸ ಅದ ಬಿಡ್ರಿ. ಬರೇ ಬಟನ್ ಒತ್ತೂದು."

ಅಂದು ರಜೆ ಇದ್ದುದರಿಂದ ನಾನೂ ಊರಿಗೆ ಬಂದಿದ್ದೆ. ನನಗೆ ಮೈ ಉರಿದುಹೋಯಿತು. ಅವನ ಬೈಕಿನ ಹೊಗೆ ಕರಗುವ ಮೊದಲೇ ಕೂಗಾಡಿಬಿಟ್ಟೆ. ಈ ಹಿಟ್ಟನ್ನು ವಾಪಸ್ಸು ಎಸೆ, ಇವರ ಮದುವೆಗೆ ನಾವು ಬೇಡ, ನಮ್ಮ ಕೈ ಬೇಡ, ಆದರೆ ರೊಟ್ಟಿ ಬೇಕು, ನಾಚಿಕೆಯಿಲ್ಲದವರು, ಅಂತೆಲ್ಲ. ಸಣ್ಣವ್ವ ಕೈಗವಸು ಏರಿಸಿಕೊಂಡು, ಬೆರಳು ಅಲ್ಲಾಡಿಸಿ ನೋಡುತ್ತಿದ್ದಳು. ಈಗ ನಾನೂ ಡಾಕ್ಟರಾದೆ ನೋಡು ಅಂದಳು. ನಾನು ನಗಲಿಲ್ಲ. ಅವರ ಮನೆ ಹಿಟ್ಟಿಗಾಗಿ ಜನ್ಮವಿಡೀ ಕಾಯುವಂಥದ್ದು ಅದರಲ್ಲೇನಿದೆ, ಬಿಟ್ಟಿ ಚಾಕರಿ ಮಾಡಲು ಅಷ್ಟೊಂದು ಆಸೆಯೇ ಎಂದು ಕೇಳಿಯೇಬಿಟ್ಟೆ.

ಸಣ್ಣವ್ವ ಕೈಗವಸು ಕಳಚಿದಳು.

"ಮಾಡೂದು, ಬಿಡೂದು ಆಮ್ಯಾಲಿಂದು ಯವ್ವಾ. ಒಲ್ಲೆ ಅನ್ನಬೇಕಂದ್ರೂ ಮೊದಲ ಬರಬೇಕಲ್ಲ."

ಕಾಲೇಜಿನಲ್ಲಿ ದಿನಾ ಮಾತಾಡಿಯೇ ಅನ್ನ ತಿನ್ನುವವಳು ನಾನು, ಕೂಗಾಟ ಬಿಟ್ಟು ಚೀಲ ಪೇರಿಸಲು ಕೈ ಹಾಕಿದೆ.

ಮರುದಿನ ಬೆಳಿಗ್ಗೆ ಮಿಷನ್ ಎದ್ದೇಳಲಿಲ್ಲ. ಬಟನ್ ಒತ್ತಿದರೆ ಗೊರ್ ಅನ್ನುವುದಿಲ್ಲ, ಗುರ್ ಅನ್ನುವುದಿಲ್ಲ. ಶೆಡ್ಡಿನ ಬಲ್ಬು ಮಾತ್ರ ಉರಿಯುತ್ತಲೇ ಇತ್ತು. ಸಂಘದ ಹೆಂಗಸರು ಮಿಷನ್ ಸುತ್ತ ನಿಂತು, ಜ್ವರ ಬಂದ ಕೂಸನ್ನು ಮುಟ್ಟುವಂತೆ ಅಲ್ಲಿ ಇಲ್ಲಿ ಮುಟ್ಟಿ ನೋಡಿದರು. ಮದುವೆಗೆ ನಡುವೆ ಒಂದೇ ದಿನ ಉಳಿದಿತ್ತು. ಸುದ್ದಿ ಮುಟ್ಟಿ ಗೌಡರ ಮಗ ಓಡಿಬಂದ. ಮಿಷನ್ನಿನ ಮುಚ್ಚಳ ತೆಗೆದ, ಮೊಬೈಲಿನ ಬೆಳಕು ಬಿಟ್ಟು ಇಣುಕಿದ, ಮಗ್ಗುಲಿಗೊಂದು ಗುದ್ದಿದ. ಕಂಪನಿಗೆ ಫೋನ್ ಹಚ್ಚಿದ. ಅದು ಕನ್ನಡಕ್ಕೆ ಇದನ್ನು ಒತ್ತಿ, ದೂರಿಗೆ ಅದನ್ನು ಒತ್ತಿ ಅಂದಿತು. ನಿನ್ನೆ ನಮಗೆ ಬಟನ್ ಒತ್ತಲು ಹೇಳಿಹೋದವನು ಈಗ ತಾನೇ ಒತ್ತುತ್ತಾ ಬಿಸಿಲಲ್ಲಿ ನಿಂತ. ಕೊನೆಗೆ ಮನುಷ್ಯರ ದನಿ ಬಂದು, ಮುಂದಿನ ವಾರ ಮೆಕ್ಯಾನಿಕ್ ಕಳಿಸುತ್ತೇವೆ ಅಂದಿತು.

"ಫ್ಯೂಜ್ ನೋಡೀರೇನು?" ಎಂದು ಅವನು ಸಣ್ಣವ್ವನನ್ನು ಕೇಳಿದ.

"ಎಲ್ಲಕ್ಕೂ ಮೊದಲ ಅದನ್ನ ನೋಡೀನ್ರೀ," ಅಂದಳು ಸಣ್ಣವ್ವ.

ಫ್ಯೂಜಿನ ಹಲಗೆಯ ಮುಂದೆ ಅವನದೇ ಹಿಟ್ಟಿನ ಚೀಲಗಳು ಮಾಡು ಮುಟ್ಟುವಂತೆ ಪೇರಿಸಿದ್ದವು. ಬಿಳಿ ಅಂಗಿ ತೊಟ್ಟವನು ಅವನ್ನು ಸರಿಸಿ ನೋಡುವ ಗೋಜಿಗೆ ಹೋಗಲಿಲ್ಲ.

ಸ್ವಲ್ಪ ಹೊತ್ತಿಗೆ ಗೌಡಶಾನಿಯೇ ಬಂದಳು. ಕಟ್ಟೆಯ ತನಕ ಕಾರು, ಅಲ್ಲಿಂದ ನಡಿಗೆ. ನಮ್ಮ ಅಂಗಳದ ಹೊರಗೆ, ಬೇವಿನ ಮರದ ನೆರಳಲ್ಲಿ ನಿಂತಳು. ಮದುವೆಯ ಗಡಿಬಿಡಿಯಲ್ಲಿ ನಿದ್ದೆಗೆಟ್ಟ ಮುಖ. ನನಗೆ ಅವಳ ಮೇಲೆ ಎಷ್ಟೇ ಸಿಟ್ಟಿದ್ದರೂ ಆ ಗಳಿಗೆಯಲ್ಲಿ ಪಾಪ ಅನ್ನಿಸಿತು. ಚೀಲಗಳನ್ನು ಟಂಟಂಗೆ ಹೇರಿ ಕಳಿಸು, ನಾವೇ ಹೇಗಾದರೂ ಓಣಿಯಲ್ಲಿ ಹಂಚಿಕೊಳ್ಳುತ್ತೇವೆ ಎಂದು ಹೇಳಿದಳು.

ಸಣ್ಣವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು, ಅಂಗಳದ ಅಂಚಿಗೆ ಬಂದು ಬಹಳ ವಿನಯದಿಂದ ನಿಂತಳು. ಅವಳ ಆ ವಿನಯ ನನಗೆ ಗೊತ್ತು. ಖಾನಾವಳಿಯ ಪರದೆಯ ಹಿಂದೆ ನಿಂತಾಗಲೂ ಅದೇ ಮುಖ.

"ಕಳಿಸಬಹುದ್ರೀ ಅವ್ವೋರ. ಖರೆ ಹಿಟ್ಟು ನನ್ನ ಹೊಸ್ತಿಲಕ್ಕ ಬಂದದ. ಬಂದ ಹಿಟ್ಟು ತಿರುಗಿ ಹೋಗಬಾರದು ಅಂತಾರ. ಕೂಸಿನ ಮದುವಿ ಕೆಲಸ, ನನ್ನ ಕೈಲೆ ಹ್ಯಾಂಗ ತಿರುಗಿ ಕಳಿಸಲಿ?"

ಗೌಡಶಾನಿ ಮಗನ ಮುಖ ನೋಡಿದಳು. ಮಗ ಮೊಬೈಲು ನೋಡಿದ. ಬಿಸಿತುಪ್ಪ ಬಾಯಲ್ಲಿ ಹಾಕಿಕೊಂಡಂತಾಯಿತು ಅವಳಿಗೆ, ಉಗುಳುವಂತಿಲ್ಲ ನುಂಗುವಂತಿಲ್ಲ. ಆ ಕಟ್ಟಳೆಯನ್ನು ಊರಲ್ಲಿ ಎಲ್ಲರಿಗಿಂತ ಬಿಗಿಯಾಗಿ ಹಿಡಿದವಳು ಅವಳೇ. ಹಿಂದೊಮ್ಮೆ ಬಾಣಂತಿಯೊಬ್ಬಳು ಹಿಟ್ಟು ಒಲ್ಲೆ ಅಂದದ್ದಕ್ಕೆ ಅವಳ ಮನೆಯ ಮುಂದೆ ನಿಂತು ಬೈದವಳು.

ಹಾಗಾದರೆ ಮುಂದೇನು ಎಂದು ಕೊನೆಗೆ ಅವಳೇ ಕೇಳಬೇಕಾಯಿತು. ಸಣ್ಣವ್ವನ ಬಳಿ ಉತ್ತರ ಬಿಸಿಬಿಸಿಯಾಗಿ ತಯಾರಿತ್ತು. ಹಿಟ್ಟು ವಾಪಸ್ಸು ಹೋಗುವುದು ಬೇಡ. ಇಲ್ಲಿಂದಲೇ ಓಣಿ ಓಣಿಗೆ ಹೋಗಲಿ. ಸಂಘದ ಹೆಂಗಸರು ಮನೆ ಮನೆಗೆ ಮುಟ್ಟಿಸುತ್ತಾರೆ, ನಾಳೆ ಸಂಜೆಯೊಳಗೆ ರೊಟ್ಟಿ ಇಲ್ಲಿಗೇ ಬರುತ್ತದೆ, ಪೇರಿಸಿ ಮದುವೆ ಮನೆಗೆ ಕಳಿಸೋಣ.

ಮಾತು ಮುಗಿಯುವ ಮೊದಲೇ ಒಳಗಿಂದ ಬುಟ್ಟಿಗಳು ಹೊರಬಂದವು. ಅಷ್ಟು ಬುಟ್ಟಿ ಎಲ್ಲಿಂದ ಬಂದವು, ಅವಕ್ಕೆ ಹೊಂದುವ ಹೊಸ ಬಟ್ಟೆ ಯಾವಾಗ ಹರಿದಿಟ್ಟಿದ್ದರು ಎಂದು ನನಗೆ ಆಗಲೇ ಸಂಶಯ ಬರಬೇಕಿತ್ತು. ಸಣ್ಣವ್ವ ಮೊದಲ ಬುಟ್ಟಿ ತುಂಬಿದಳು. ಬಟ್ಟೆ ಮುಚ್ಚಿದಳು. ಭುಜ ನೋಯುತ್ತಿದ್ದರೂ ತಾನೇ ಎತ್ತಿಕೊಂಡು ಅಂಗಳ ದಾಟಿ ಬೇವಿನ ಮರದ ಕೆಳಗೆ ಹೋದಳು.

"ಮೊದಲಿನ ಬುಟ್ಟಿ ನಿಮ್ಮನಿಗೇ ರೀ. ರೊಟ್ಟಿ ಮಾಡಿಕೊಡ್ರಿ."

ಗೌಡಶಾನಿ ಬುಟ್ಟಿ ನೋಡಿದಳು. ಸಣ್ಣವ್ವನ ಕೈ ನೋಡಿದಳು, ಅದರಲ್ಲಿ ಕೈಗವಸು ಇರಲಿಲ್ಲ. ಆಮೇಲೆ ಗೌಡಶಾನಿಯ ಎರಡೂ ಕೈ ನಿಧಾನಕ್ಕೆ ಮುಂದೆ ಬಂದವು.

ಆ ದಿನ ನಾನೂ ಬುಟ್ಟಿ ಹೊತ್ತೆ. ನಾವು ಓಣಿಯ ಹೆಂಗಸರು ಪೆಟ್ಟಿಗೆಯಲ್ಲಿಟ್ಟ ಸೀರೆ ತೆಗೆದು ಉಟ್ಟು, ಸಾಲಾಗಿ ಹನುಮಪ್ಪನ ಕಟ್ಟೆ ದಾಟಿದೆವು. ಬಾಗಿಲು ಬಾಗಿಲಿಗೆ ನಿಂತು, ಗೌಡರ ಮಗಳ ಮದುವೆ ಹಿಟ್ಟು ಎಂದು ಹೇಳುವುದು. ಅವರು ನಮ್ಮನ್ನು ನೋಡುವುದು, ಬುಟ್ಟಿ ನೋಡುವುದು, ಮತ್ತೆ ನಮ್ಮನ್ನು ನೋಡುವುದು. ಗೌಡಶಾನಿಯೇ ಇಸಿದುಕೊಂಡಳೆಂಬ ಸುದ್ದಿ ನಮಗಿಂತ ಮುಂದೆ ಓಡಿತ್ತು. ಒಬ್ಬರೂ ತಿರುಗಿಸಲಿಲ್ಲ. ಸೊಂಟನೋವಿನವರು, ಬ್ಯಾಂಕಿನವಳು, ಎಲ್ಲರೂ ಎರಡೂ ಕೈ ಚಾಚಿದರು. ಒಬ್ಬ ಮುದುಕಿ ಮಾತ್ರ ಇಸಿದುಕೊಂಡು, ನೀನು ಯಾರ ಮಗಳು ಎಂದು ಕೇಳಿದಳು. ಹೇಳಿದೆ. ಹೌದೇನು, ಎಂದು ಸುಮ್ಮನೆ ಒಳಗೆ ಹೋದಳು.

ಹಿಟ್ಟು ಬಂದ ಮನೆಗೇ ರೊಟ್ಟಿ ಮರಳಬೇಕಲ್ಲ. ಮರುದಿನ ಮೇಲಿನ ಓಣಿಯ ಹೆಂಗಸರು ಬುಟ್ಟಿ ಹೊತ್ತುಕೊಂಡು ನಮ್ಮ ಅಂಗಳಕ್ಕೆ ಬಂದರು. ಅವರಲ್ಲಿ ಹಲವರು ಅಷ್ಟು ವರ್ಷ ಊರಲ್ಲಿದ್ದೂ ಕಟ್ಟೆಯ ಈಚೆ ಕಾಲಿಟ್ಟವರಲ್ಲ. ಸಣ್ಣವ್ವ ಜಮಖಾನ ಹಾಸಿದ್ದಳು. ಕೆಲವರು ಕೂತರು, ಕೆಲವರಿಗೆ ಗಡಿಬಿಡಿಯಿತ್ತು. ನೀರು ಕೊಟ್ಟರೆ ಕೆಲವರು ಕುಡಿದರು, ಕೆಲವರಿಗೆ ಅಷ್ಟು ಬಿಸಿಲಲ್ಲೂ ನೀರಡಿಕೆಯೇ ಇರಲಿಲ್ಲ. ಸಣ್ಣವ್ವ ಒಂದೊಂದು ಬುಟ್ಟಿಯ ಬಟ್ಟೆ ಎತ್ತಿ, ಇದು ಸ್ವಲ್ಪ ದಪ್ಪಾಯಿತು, ಇದು ಅಂಚು ಹರಿಯಿತು ಎಂದು ತಕರಾರು ತೆಗೆಯುತ್ತ ಮದುವೆ ಮನೆಯ ಯಜಮಾನಿಯ ಹಾಗೆ ಓಡಾಡಿದಳು. ಗೌಡಶಾನಿಯ ಬುಟ್ಟಿಯನ್ನು ಬಹಳ ಹೊತ್ತು ನೋಡಿ, ಪರವಾಗಿಲ್ಲ ಅಂದಳು.

ಮಿಷನ್ ಕೆಟ್ಟ ಸಂಗತಿ ಊರಿನ ಗುಟ್ಟಾಗಿಯೇ ಉಳಿಯಿತು. ಮದುವೆಯ ಊಟದಲ್ಲಿ ಬೀಗರ ಕಡೆಯ ಹಿರಿಯರೊಬ್ಬರು ರೊಟ್ಟಿ ಮುರಿದು, ಬೆಳಕಿಗೆ ಹಿಡಿದು, ಮಿಷನ್ನೆಂದರೆ ಮಿಷನ್ನು, ಹೆಂಗಸರ ಕೈಯಲ್ಲಿ ಇಷ್ಟು ಶುಚಿ ಎಲ್ಲಿ ಬರಬೇಕು ಎಂದು ಹೊಗಳಿದರು. ರೊಟ್ಟಿ ಮಾಡಿದ ಹೆಂಗಸರೇ ಬಡಿಸುತ್ತ ನಿಂತಿದ್ದರು. ಒಬ್ಬರೂ ಬಾಯಿ ಬಿಡಲಿಲ್ಲ. ರೊಟ್ಟಿ ಬುಟ್ಟಿ ಮುಟ್ಟಿಸಲು ಹೋಗಿ ಊಟಕ್ಕೆ ಉಳಿದಿದ್ದ ನಾನು ನೀರು ನೆತ್ತಿಗೇರಿ ಕೆಮ್ಮಿದೆ.

ಅಂದು ಮಧ್ಯಾಹ್ನ ಮನೆಗೆ ಬಂದು, ಸಣ್ಣವ್ವ ಶೆಡ್ಡಿನಲ್ಲಿ ಕಾಲು ಚಾಚಿ ಕೂತು ಎಲೆ ಅಡಿಕೆಯ ಸಂಚಿ ಬಿಚ್ಚಿದಳು. ಅಡಿಕೆ ಬಂತು, ಸುಣ್ಣದ ಡಬ್ಬಿ ಬಂತು. ಅದರ ಹಿಂದೆ ಬಿಳಿ ಪಿಂಗಾಣಿಯ ಫ್ಯೂಜ್ ಬಂತು. ಮೈಗೆಲ್ಲ ಸುಣ್ಣ ಮೆತ್ತಿಕೊಂಡಿತ್ತು. ಅವಳು ಅದನ್ನು ಸೆರಗಿನಿಂದ ಒರೆಸಿ, ಖಾಲಿ ಚೀಲ ಸರಿಸಿ, ಹಲಗೆಗೆ ಸಿಕ್ಕಿಸಿ ಬಟನ್ ಒತ್ತಿದಳು. ಮಿಷನ್ ಗೊರ್ ಎಂದು ಎದ್ದಿತು.

ನಾನು ನೆಲದ ಮೇಲೆ ಕೂತು ನಕ್ಕೆ, ನಕ್ಕೂ ನಕ್ಕೂ ಅಳು ಬಂತು. ಎಂಥಾ ಖದೀಮಿ ಬೇ ನೀನು ಅಂದೆ. ಅವಳು ಎಲೆಗೆ ಸುಣ್ಣ ಸವರುತ್ತಾ ಹೇಳಿದಳು.

"ಅವರು ಹಿಟ್ಟು ಕೊಟ್ಟಿದ್ದು ಮಿಷನ್ನಿಗೆ ಯವ್ವಾ. ನನಗಲ್ಲ."

ಇದಾಗಿ ಕೆಲವು ತಿಂಗಳಿಗೆ ನಮ್ಮ ಕಾಲೇಜಿನಲ್ಲಿ ಒಂದು ವಿಚಾರ ಸಂಕಿರಣ ನಡೆಯಿತು. ವಿಷಯ: ನಾಳಿನ ದುಡಿಮೆಯನ್ನು ರೂಪಿಸುವವರು ಮನುಷ್ಯರೋ, ತಂತ್ರಜ್ಞಾನವೋ. ಯುವ ಉದ್ಯಮಿಯೆಂದು ವೇದಿಕೆಗೆ ಬಂದವನು ಯಾರು ಗೊತ್ತೇ, ನಮ್ಮ ಗೌಡರ ಮಗ. ವಂದನಾರ್ಪಣೆ ನನ್ನ ಪಾಲಿಗೆ ಬಂದಿತ್ತು. ಮಾತು ಹೆಚ್ಚಿನವರಿಗೆ ನಮ್ಮ ಪ್ರಿನ್ಸಿಪಾಲರು ಕೊಡುವ ಶಿಕ್ಷೆ ಅದು. ಅವನು ಪರದೆಯ ಮೇಲೆ ಚಿತ್ರ ಬಿಟ್ಟು ಮಾತಾಡಿದ. ರೋಬೋಟ್ ಬಂತು, ಕೃತಕ ಬುದ್ಧಿ ಬಂತು. ಮನುಷ್ಯನ ಕೈ ಇನ್ನು ಬೇಕಿಲ್ಲ, ಕೈ ಹೋದರೆ ಮೇಲು ಕೀಳೂ ಹೋಗುತ್ತದೆ ಅಂದ. ಕೊನೆಗೆ ನಮ್ಮ ಸಣ್ಣವ್ವನ ಮಿಷನ್ನೇ ಪರದೆಯ ಮೇಲೆ ಬಂತು, ಸ್ಟಿಕ್ಕರ್ ಸಮೇತ. ನನ್ನ ತಂಗಿಯ ಮದುವೆಯ ಅಷ್ಟೂ ರೊಟ್ಟಿ ಇದರಲ್ಲೇ ಆಯಿತು, ಒಬ್ಬರ ಕೈಯೂ ಮುಟ್ಟಲಿಲ್ಲ ಎಂದ. ಹುಡುಗರು ಚಪ್ಪಾಳೆ ಹೊಡೆದರು.

ನಾನು ಎದ್ದು ಎಲ್ಲರಿಗೂ ಕ್ರಮವಾಗಿ ವಂದಿಸಿದೆ. ಅಧ್ಯಕ್ಷರಿಗೆ, ಅತಿಥಿಗಳಿಗೆ, ಕುರ್ಚಿ ಹಾಕಿದವರಿಗೆ. ಆಮೇಲೆ, ಪರದೆಯ ಮೇಲಿನ ಮಿಷನ್ನಿಗೂ ವಂದನೆಗಳು, ಅದು ನನ್ನ ಸಣ್ಣವ್ವ, ಅದರ ಬಲಭುಜ ಸವೆದಿದೆ, ಮದುವೆಗೆ ಎರಡು ದಿನ ಇರುವಾಗ ಅದು ಕೆಟ್ಟು ನಿಂತು ಊರ ಹೆಂಗಸರೆಲ್ಲ ಕೈ ಮುಟ್ಟಿ, ಚೆನ್ನಾಗಿ ಮುಟ್ಟಿ, ರೊಟ್ಟಿ ಮಾಡಿದರು, ಅತಿಥಿಗಳ ತಾಯಿಯವರೂ ಮಾಡಿದರು, ಅವರಿಗೂ ವಂದನೆಗಳು ಅಂದೆ. ಹಿಂದಿನ ಬೆಂಚಿನಿಂದ ನಗು ಎದ್ದಿತು. ಅವನ ಮುಖ ನಮ್ಮೂರ ಕೆಂಪು ಬಾಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಆದರೂ ಹೊರಗೆ ಚಹಾ ಕುಡಿಯುವಾಗ ತಾನೇ ಬಂದು, 'ಅಕ್ಕಾವರ, ಬಾಳ ಹಚ್ಚಿದ್ರಿ ನನಗ' ಎಂದು ತಲೆ ಕೆರೆದುಕೊಂಡ. ಫ್ಯೂಜಿನ ವಿಚಾರ ನಾನು ಎತ್ತಲಿಲ್ಲ. ಅದು ನನ್ನ ಗುಟ್ಟಲ್ಲ.

ಅವನು ಮನೆಗೆ ಹೋಗಿ ಏನು ಹೇಳಿದನೋ, ಹೇಳಲೇ ಇಲ್ಲವೋ ತಿಳಿಯದು. ಅವನ ತಂಗಿ ಬಸುರಿಯಾಗಿ ತವರಿಗೆ ಬಂದಳು, ಕುಬಸದ, ಅಂದರೆ ಸೀಮಂತದ ಕಾರ್ಯ ಗೊತ್ತಾಯಿತು; ಅದಕ್ಕೂ ಹಿಟ್ಟು ಓಣಿ ಸುತ್ತಬೇಕು. ಒಂದು ಭಾನುವಾರ ನಾನು ಊರಲ್ಲಿದ್ದಾಗ ಹೊರಗಿಂದ, ಯಾರಿದ್ದೀರಿ ಎಂಬ ಹೆಣ್ಣುದನಿ ಕೇಳಿತು. ಹೋಗಿ ನೋಡಿದರೆ ಗೌಡರ ಸೊಸೆ, ಅವನ ಹೆಂಡತಿ. ಅವಳು ಶೆಡ್ಡಿನ ಕಡೆ ಹೋಗಿರಲಿಲ್ಲ, ಮನೆಯ ಹೊಸ್ತಿಲ ಹೊರಗೆ ನಿಂತಿದ್ದಳು. ಕಂಕುಳಲ್ಲಿ ಬುಟ್ಟಿ, ಬುಟ್ಟಿಯ ಮೇಲೆ ಹೊಸ ಬಟ್ಟೆ.

"ನಮ್ಮನಿ ಕುಬಸ ಅದ್ರೀ. ರೊಟ್ಟಿ ಮಾಡಿಕೊಡ್ರಿ," ಅಂದಳು. ಸ್ವಲ್ಪ ತಡೆದು, ಪಾಠ ಒಪ್ಪಿಸುವವಳ ಹಾಗೆ, "ಮಿಷನ್ನಿಗೆ ಅಲ್ಲ, ನಿಮಗ ಅಂತ ಹೇಳಿ ಕೊಡು ಅಂದಾರ ಅತ್ತಿಯವರು."

ಸಣ್ಣವ್ವ ಒಳಗಿಂದ ಬಂದಳು. ಬುಟ್ಟಿ ನೋಡಿದಳು. ನನ್ನ ಕಣ್ಣು ತುಂಬಿಬಂತು. ಈಗ ಕೈ ಚಾಚುತ್ತಾಳೆ ಅಂದುಕೊಂಡೆ. ಅವಳು ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

"ಬಿಸಲಾಗ ಬಂದೀದಿ. ಒಳಗ ಬಂದು ಕೂಡವ್ವ. ಚಾ ಕುಡಿ. ಆಮ್ಯಾಲ ತಗೋತೀನಿ."

ಹುಡುಗಿ ಹೊಸ್ತಿಲು ನೋಡಿದಳು. ನಮ್ಮ ಮನೆಯಲ್ಲಿ ಗೌಡರ ಮನೆಯ ಹೆಣ್ಣುಮಗಳು ಚಹಾ ಕುಡಿದದ್ದು ಹಿಂದೆಂದೂ ಇರಲಿಲ್ಲ. ಆದರೆ ಬುಟ್ಟಿ ತಿರುಗಿ ಒಯ್ಯುವ ಹಾಗಿಲ್ಲ, ಅತ್ತೆ ಮನೆಯಲ್ಲಿ ಕಾಯುತ್ತಿದ್ದಾಳೆ, ನಾದಿನಿಯ ಹೊಟ್ಟೆಯಲ್ಲಿ ಕೂಸಿದೆ. ಅವಳು ಕಟ್ಟೆಯ ಕಡೆ ಒಮ್ಮೆ ತಿರುಗಿ ನೋಡಿ ಚಪ್ಪಲಿ ಬಿಟ್ಟಳು. ಒಳಗೆ ಬಂದು, ಬುದ್ಧನ ಫೋಟೋದ ಕೆಳಗಿನ ಚಾಪೆಯ ಮೇಲೆ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನಾನೇ ಚಹಾ ಕಾಸಿದೆ, ಸಕ್ಕರೆ ಸ್ವಲ್ಪ ಜಾಸ್ತಿಯೇ ಹಾಕಿದೆ. ಅವಳು ಮೊದಲ ಗುಟುಕನ್ನು ಔಷಧದ ಹಾಗೆ ನುಂಗಿದಳು, ಎರಡನೆಯದನ್ನು ಚಹಾದ ಹಾಗೆ ಕುಡಿದಳು, ಆಮೇಲೆ ಖಾರೀ ಬಿಸ್ಕೀಟು ಇದೆಯೇ ಎಂದು ಕೇಳಿದಳು. ತಂದಿಟ್ಟ ಬಸಿ ತಟ್ಟೆಯಲ್ಲಿ ಏನೂ ಉಳಿಯಲಿಲ್ಲ.

ಆಗ ಸಣ್ಣವ್ವ ಎದ್ದು ಎರಡೂ ಕೈ ಚಾಚಿದಳು.

ಹುಡುಗಿ ಹೋದಮೇಲೆ ಅವಳು ಬುಟ್ಟಿಯನ್ನು ಎದೆಗೆ ಒತ್ತಿಕೊಂಡು ಹೊಸ್ತಿಲ ಮೇಲೆ ಸ್ವಲ್ಪ ಹೊತ್ತು ಕೂತಳು. ನಾನು ಒಲೆ ಹಚ್ಚಿ ಹಂಚು ಇಟ್ಟೆ. ಆ ಭುಜದಲ್ಲಿ ಹೇಗೆ ಬಡಿಯುತ್ತಾಳೋ ಎಂಬ ಚಿಂತೆ ನನಗೆ, ನಾನೇ ಬಡಿಯೋಣವೆಂದರೆ ನನ್ನ ರೊಟ್ಟಿ ಭಾರತದ ನಕಾಶೆಯಾಗುತ್ತದೆ. ಅವಳು ಎದ್ದವಳು ಒಲೆಯ ಹತ್ತಿರ ಬರಲಿಲ್ಲ. ಬುಟ್ಟಿ ಹೊತ್ತು ನೇರ ಶೆಡ್ಡಿಗೆ ನಡೆದಳು.

ಮಿಷನ್ನಿಗಲ್ಲ ಅಂತ ಹೇಳಿ ಕಳಿಸಿದ್ದಾರಲ್ಲ, ಅಂದೆ.

"ಹೌದು. ನನಗ ಕೊಟ್ಟಾರ," ಅಂದಳು ಸಣ್ಣವ್ವ. "ನನಗ ಬಂದ ಹಿಟ್ಟು ನಾ ಹ್ಯಾಂಗರ ಮಾಡ್ತೀನಿ." ಅಂದವಳೇ ಬಟನ್ ಒತ್ತಿದಳು.